ಬದುಕಿದ್ದವಳ ಎಡೆ

ದಾಸಯ್ಯ ಮುನಿವೆಂಕಟಪ್ಪ ಕರೆದರೆ ಸತ್ತವರೂ ಓಗೊಡುತ್ತಾರೆ ಎಂದು ದಿಬ್ಬೂರಹಳ್ಳಿಯ ಆಸುಪಾಸಿನಲ್ಲಿ ಜನ ಆಡಿಕೊಳ್ಳುವುದುಂಟು. ಹಾಗಂತ ಅವನೇನು ಮಂತ್ರವಾದಿಯಲ್ಲ, ಮಠದ ಸ್ವಾಮಿಯೂ ಅಲ್ಲ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು, ಬಲಗಾಲಿನ ಮಂಡಿನೋವು, ಎಪ್ಪತ್ತೊಂದು ವರ್ಷ ವಯಸ್ಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಸೊಪ್ಪು ಕೊಯ್ದು, ಮಿಕ್ಕ ಹೊತ್ತು ಅರಳಿಕಟ್ಟೆಯ ಮೇಲೆ ಕೂತು ಊರ ಉಸಾಬರಿಯನ್ನೆಲ್ಲ ತಲೆಗೆ ಕಟ್ಟಿಕೊಳ್ಳುವ ಸಾದಾ ರೈತ. ಆದರೆ ಪಿತೃಪಕ್ಷದ ಹದಿನೈದು ದಿನ ಮಾತ್ರ ಅವನನ್ನು ಹಿಡಿಯುವವರಿಲ್ಲ. ಹಣೆಗೆ ಮೂರು ನಾಮ ಎಳೆದು, ಶಂಖ ಜಾಗಟೆ ಇರುವ ಜೋಳಿಗೆಯನ್ನು ಹೆಗಲಿಗೇರಿಸಿದನೆಂದರೆ ಮಂಡಿನೋವು ಕೂಡ ಎಲ್ಲಿಗೋ ಓಡಿಹೋಗುತ್ತದೆ.

ಅವನ ಕೆಲಸ ಇಷ್ಟೇ. ಯಾರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೋ ಅಲ್ಲಿಗೆ ಹೋಗಬೇಕು, ಜಾಗಟೆ ಬಾರಿಸಬೇಕು, ಆ ಮನೆಯಲ್ಲಿ ತೀರಿಕೊಂಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯಬೇಕು. ಕೊನೆಗೆ ಶಂಖ ಊದಬೇಕು. ಕರೆದವರು ಬರುತ್ತಾರೆ, ಬಂದವರು ಉಣ್ಣುತ್ತಾರೆ. ಕರೆಯದೆ ಬಿಟ್ಟರೆ ಆ ಜೀವ ಹೊಸ್ತಿಲಾಚೆ ಹಸಿದುಕೊಂಡು ನಿಂತು, ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು. ಮುನಿವೆಂಕಟಪ್ಪ ಇದನ್ನು ನಂಬಿದ್ದ, ಬಾಯಿಮಾತಿಗಲ್ಲ, ನಿಜವಾಗಿ ನಂಬಿದ್ದ. ಹನ್ನೆರಡು ಮನೆಗಳ ಇನ್ನೂರಕ್ಕೂ ಮಿಕ್ಕಿದ ಹೆಸರು ಅವನ ತಲೆಯಲ್ಲಿದ್ದವು. ಒಂದನ್ನೂ ಬರೆದಿಟ್ಟಿರಲಿಲ್ಲ.

"ಅಂಗಡಿಗೆ ಕಳಿಸಿದ್ರೆ ಉಪ್ಪು ತರೋದು ಮರೀತೀರ. ಸತ್ತೋರು ಮಾತ್ರ ಒಬ್ರೂ ಬಿಡದಂಗೆ ನೆಪ್ಪಿರ್ತಾರೆ" ಎಂದು ಹೆಂಡತಿ ಲಕ್ಷ್ಮೀನರಸಮ್ಮ ಗೊಣಗುತ್ತಿದ್ದಳು.

"ಅವರು ಸುಮ್ನಿರ್ತಾರಲ್ಲ, ಅದಕ್ಕೆ" ಎನ್ನುತ್ತಿದ್ದ ಇವನು.

ಈ ವಿದ್ಯೆ ಕಲಿಸಿದ್ದು ಅವನಪ್ಪ ಕೋನಪ್ಪ. "ಹೆಸರು ಬಾಯಿಪಾಠ ಮಾಡ್ಬೇಡ ಮಗ, ಮರ್ತೋಗ್ತದೆ. ಅವರು ಕೂರ್ತಿದ್ದ ಜಾಗ ನೆಪ್ಪಿಟ್ಕೋ. ಕಣ್ಣು ಮುಚ್ಕೊಂಡು ಬಾಗಿಲಿಂದ ಒಳಕ್ಕೆ ನಡಿ. ಯಾರ್ಯಾರು ಎಲ್ಲೆಲ್ಲಿ ಕೂತವ್ರೋ ನೋಡ್ಕೊಂಡು ಕರಿ" ಎಂದಿದ್ದ. ಮುನಿವೆಂಕಟಪ್ಪ ಹಾಗೇ ಮಾಡುತ್ತಿದ್ದ. ಕಣ್ಣು ಮುಚ್ಚಿದೊಡನೆ ಜಗುಲಿಯ ಮೇಲೆ ಯಜಮಾನ, ಕಂಬಕ್ಕೊರಗಿ ಅವನ ಮಗ, ಒರಳಿನ ಹತ್ತಿರ ಅತ್ತೆ, ಹಿತ್ತಲ ಬಾಗಿಲಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಕೂಸು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತು ಇವನ ಮುಖ ನೋಡುತ್ತಿದ್ದರು. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಅವನು ತಪ್ಪಿರಲಿಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಕೊಬ್ಬೇ ಇತ್ತು ಅನ್ನಿ.

ಅಂಥವನು ಈ ಸಲ ಪಕ್ಷದ ಏಕಾದಶಿಯ ದಿನ, ಗಂಗುಲಪ್ಪನ ಮನೆಯಲ್ಲಿ, ಮಟಮಟ ಮಧ್ಯಾಹ್ನ ಎಡವಿದ.

ಊರಲ್ಲಿ ಮಿಕ್ಕವರೆಲ್ಲ ಪಕ್ಷ ಮುಗಿಯುವ ಮಾರ್ಲಮಿ ಅಮಾವಾಸ್ಯೆಗೆ ಕೋಳಿ ಕೊಯ್ದು, ಬೀಡಿ, ಬ್ರಾಂದಿ ಸಮೇತ ಎಡೆ ಇಟ್ಟರೆ, ಗಂಗುಲಪ್ಪನ ಮನೆಯವರದು ಬೇರೆ ಪದ್ಧತಿ. ಆ ಮನೆ ಕಟ್ಟಿದ ದೊಡ್ಡ ಕೊಂಡಪ್ಪ ಜೀವ ಬಿಟ್ಟದ್ದು ಪಕ್ಷದ ಏಕಾದಶಿಯಂದು. ಅವತ್ತಿನಿಂದ ಅವರಿಗೆ ಅದೇ ಹಿರಿಯರ ಹಬ್ಬ. ಆ ದಿನ ಒಲೆ ಹಚ್ಚುವಂತಿಲ್ಲ, ಅನ್ನ ಮುದ್ದೆ ಮುಟ್ಟುವಂತಿಲ್ಲ. ಎಡೆಗೆ ನೆನೆಸಿದ ಅವಲಕ್ಕಿ ಬೆಲ್ಲ, ಕೋಸಂಬರಿ, ಬಾಳೆಹಣ್ಣು, ಎಳನೀರು. ಅದರ ಜೊತೆಗೆ, ಬದುಕಿದ್ದಾಗ ಯಾರಿಗೆ ಏನು ಪ್ರೀತಿಯೋ ಅದನ್ನು ಒಂದೊಂದು ಚೂರು: ದೊಡ್ಡ ಕೊಂಡಪ್ಪನಿಗೆ ನಶ್ಯ, ಅವನ ಸೊಸೆ ಪಾಪಮ್ಮನಿಗೆ ಎಲೆ ಅಡಿಕೆ ಕಡ್ಡಿಪುಡಿ, ಪಾಪಮ್ಮನ ಹಿರಿಮಗ ವೆಂಕಟರಾಮಪ್ಪನಿಗೆ ಒಂದು ಕಟ್ಟು ಬೀಡಿ. ಮನೆಯವರೆಲ್ಲ ಉಪವಾಸವಿದ್ದು, ಎಡೆಯಾದ ಮೇಲೆ ಒಂದಿಷ್ಟು ಹಣ್ಣು ತಿಂದು, ಮಾರನೆಯ ದಿನ ದ್ವಾದಶಿಯ ಬೆಳಗಿನಲ್ಲಿ ಅಗಸೆಸೊಪ್ಪಿನ ಪಲ್ಯ ಮಾಡಿ ಉಣ್ಣುತ್ತಾರೆ.

ಗಂಗುಲಪ್ಪನಿಗೆ ಅರವತ್ತೆಂಟು, ಈಗ ಮನೆಗೆ ಅವನೇ ಯಜಮಾನ. ಬೀಡಿಯ ವೆಂಕಟರಾಮಪ್ಪ ಅವನ ಅಣ್ಣ, ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಆ ಅಣ್ಣನ ಹೆಂಡತಿ ಓಬಳಮ್ಮ. ಎಪ್ಪತ್ತಾರರ ಮುದುಕಿ, ಕಡ್ಡಿಯ ಹಾಗಿದ್ದರೂ ಮಾತು ಮಾತ್ರ ಕೊಡಲಿಯೇಟು. ಅವಳ ಮಗ ನರೇಂದ್ರ ಗೌರಿಬಿದನೂರಿನ ಶಾಲೆಯಲ್ಲಿ ಮೇಷ್ಟ್ರು, ಸೊಸೆ ಕವಿತ. ಎಲ್ಲರೂ ಒಟ್ಟಿಗೇ ಇದ್ದರು. ಹಳೆಯ ತೊಟ್ಟಿಮನೆ ಸೋರುತ್ತದೆಂದು ಹೋದ ಮಾಘದಲ್ಲಿ ಕೆಡವಿ, ಅದೇ ಜಾಗದಲ್ಲಿ ತಾರಸಿಯ ಮನೆ ಎಬ್ಬಿಸಿದ್ದರು. ಹೊಸ ಮನೆಯಲ್ಲಿ ಇದೇ ಮೊದಲ ಎಡೆ.

ಮುನಿವೆಂಕಟಪ್ಪ ಬಂದು ನೋಡಿದ. ಜಗುಲಿ ಇದ್ದ ಕಡೆ ಗ್ರಿಲ್ ಹಾಕಿದ ಸಿಟೌಟು. ಕಂಬವಿದ್ದ ಕಡೆ ಟಿವಿ. ಒಲೆಯಿದ್ದ ಮೂಲೆಯಲ್ಲಿ ಬಚ್ಚಲು. ಮಿಕ್ಕ ವರ್ಷಗಳಲ್ಲಿ ಕಣ್ಣು ಮುಚ್ಚಿದರೂ ಒಂದೇ ತೆರೆದರೂ ಒಂದೇ, ಮನೆ ಅದೇ ಇರುತ್ತಿತ್ತು. ಈಗ ಇಲ್ಲದ ಮನೆಯೊಳಗೆ ಇಲ್ಲದವರನ್ನು ಹುಡುಕಬೇಕು. ಆದರೂ ಕೊಬ್ಬಿನ ಮನುಷ್ಯನಲ್ಲವೇ, ಯಾರಿಗೂ ಹೇಳಲಿಲ್ಲ. ಸಾಂಬ್ರಾಣಿ ಹೊಗೆ ಎದ್ದಿತು, ಜಾಗಟೆ ಬಿತ್ತು, ಕಣ್ಣು ಮುಚ್ಚಿ ಹಳೆಯ ಬಾಗಿಲಿನಿಂದಲೇ ಒಳಗೆ ನಡೆದ.

"ದೊಡ್ಡ ಕೊಂಡಪ್ಪನವರೇ, ಬನ್ನಿರಪ್ಪಾ, ನಿಮ್ಮ ಮಕ್ಕಳು ಕರೀತಾವ್ರೇ..."

"ಗೋವಿಂದಾ" ಎಂದರು ಮನೆಯವರು.

ಒಂದೊಂದೇ ಹೆಸರು ಸರಾಗವಾಗಿ ಬಂದವು. ಕಂಬದ ಹತ್ತಿರ ವೆಂಕಟರಾಮಪ್ಪ ಸಿಕ್ಕಿದ. ನಡುಮನೆ ದಾಟಿದ. ಅಡುಗೆಮನೆಯ ಕತ್ತಲಿಗೆ ಬಗ್ಗಿದ. ಅಲ್ಲಿ ಒಲೆಯ ಮುಂದೆ, ಊದುಗೊಳವೆ ಹಿಡಿದು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಬ್ಬಳು ಕೂತಿದ್ದಳು. ಆ ಜಾಗ ಪಾಪಮ್ಮನದು. ಆದರೆ ಪಾಪಮ್ಮ ಅಲ್ಲಿಂದ ಎದ್ದು ಯಾವ ಕಾಲವಾಯಿತು! ಅವಳ ಹಿಂದೆ ಐವತ್ತು ವರ್ಷ ಅಲ್ಲೇ ಕೂತದ್ದು ಅವಳ ಸೊಸೆ. ಮುನಿವೆಂಕಟಪ್ಪ ಕಂಡವಳನ್ನು ಕಂಡ ಹಾಗೆ ಕರೆದುಬಿಟ್ಟ.

"ಓಬಳಮ್ಮನವರೇ, ಬನ್ನಿರಮ್ಮಾ, ನಿಮ್ಮ ಮಕ್ಕಳು ಕರೀತಾವ್ರೇ..."

"ಗೋವಿಂದಾ" ಎಂದರು ಎಲ್ಲರೂ, ರೂಢಿಯ ಮೇಲೆ. ಆ ಗೋವಿಂದದಲ್ಲಿ ಓಬಳಮ್ಮನ ದನಿಯೂ ಇತ್ತು. ಇವನು ಅದೇ ಉಸಿರಿನಲ್ಲಿ ಶಂಖ ಎತ್ತಿ ಊದಿಯೂ ಆಯಿತು.

ಶಂಖದ ಸದ್ದು ಅಡಗಿದ ಮೇಲೆ ಗೋಡೆಗೊರಗಿ ಕೂತಿದ್ದ ಓಬಳಮ್ಮ ಹೇಳಿದಳು, "ಏಮಯ್ಯ ದಾಸಯ್ಯ, ನಾನಿನ್ನೂ ಇಲ್ಲೇ ಕೂತಿದ್ದೀನಲ್ಲಪ್ಪ. ಎಲ್ಲಿಂದ ಬರ್ಲಿ?"

ಮುನಿವೆಂಕಟಪ್ಪ ನಾಲಿಗೆ ಕಚ್ಚಿಕೊಂಡ. ಜಾಗಟೆ ಕೈಯಿಂದ ಜಾರಿ ಟೈಲ್ಸಿನ ಮೇಲೆ ಬಿದ್ದು ಠಣಾರೆಂದಿತು.

"ಏನೋ ಮಾಡ್ಬಿಟ್ಟೆ ನೀನು!" ಗಂಗುಲಪ್ಪ ಎದ್ದು ನಿಂತ. "ನಮ್ಮವ್ವನ್ನ ಬಿಟ್ಟು ಅತ್ತಿಗೇನ ಕರೆದ್ಯಲ್ಲೋ! ಶಂಖ ಬೇರೆ ಊದ್ಬಿಟ್ಟೆ!"

"ಬಾಯಿ ತಪ್ತು ಅಷ್ಟೇ ತಾನೆ, ಬಿಡಿ ಚಿಕ್ಕಪ್ಪ" ಎಂದ ನರೇಂದ್ರ. "ಆನೆಯಂಥಾ ಆನೇನೇ ಮುಗ್ಗರಿಸ್ತದೆ. ಮುಂದಿನ ವರ್ಷಕ್ಕೆ ಎಲ್ಲಾ ಹೆಸರೂ ಬರೆದು ಕೊಟ್ರಾಯ್ತು."

ಮುನಿವೆಂಕಟಪ್ಪನ ಕಿವಿಗೆ ಅದೊಂದೂ ಬೀಳಲಿಲ್ಲ. ಮತ್ತೆ ಜಾಗಟೆ ಎತ್ತಿಕೊಂಡು, ಪಾಪಮ್ಮನನ್ನು ಕರೆದು, ಶಂಖ ಊದಿ, ಅವಳ ಪಾಲಿನ ತಪ್ಪನ್ನು ಸರಿಮಾಡಿದ. ಇನ್ನೊಂದು ತಪ್ಪು ಅಷ್ಟಕ್ಕೆ ತೀರುವಂಥದ್ದಲ್ಲ, ಶಂಖ ಊದಿ ಕರೆದ ಮೇಲೆ ಬದುಕಿದ್ದ ಜೀವವೂ ಸತ್ತವರ ಸಾಲಿಗೆ ಹೊರಟುಬಿಡುತ್ತದೆ. ಅವನಪ್ಪ ಕೋನಪ್ಪನೂ ಒಂದು ಸಲ ಮಂಡಿಕಲ್ ಕಡೆ ಬದುಕಿದ್ದವನೊಬ್ಬನನ್ನು ಹೀಗೇ ಕರೆದಿದ್ದ. ಅದಕ್ಕೊಂದು ಪರಿಹಾರವಿತ್ತು. ಸತ್ತವರಿಗೆ ಇಡುವ ಹಾಗೇ ಅವನಿಗೂ ಅವನ ಇಷ್ಟದ ತಿನಿಸನ್ನು ಎಡೆ ಇಟ್ಟು, ಕರೆದ ದಾಸಯ್ಯನೇ ಆ ಎಲೆಯನ್ನು ಎತ್ತಿ ಅವನ ಮುಂದಿಟ್ಟು, ಹೊತ್ತು ಮುಳುಗುವುದರೊಳಗೆ ಉಣ್ಣಿಸಬೇಕು. ಆಗ ಕರೆದ ಕರೆ ಕಳೆಯುತ್ತದೆ. ಆ ಮನುಷ್ಯ "ಹೋಗಯ್ಯ ನಿನ್ನ" ಎಂದು ನಕ್ಕು ಸಂತೆಗೆ ಹೋದ, ಸಂಕ್ರಾಂತಿ ಕಾಣಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಬಹುದು. ಆದರೆ ಕೋನಪ್ಪ ಸಾಯುವತನಕ ಹಾಗೆ ಅನ್ನಲಿಲ್ಲ, ನಾನೇ ಕೊಂದೆ ಎಂದೇ ಕೊರಗಿದ. ಅದನ್ನು ಮಗ ಕಣ್ಣಾರೆ ನೋಡಿದ್ದ.

ಇದನ್ನೆಲ್ಲ ಅವನು ತೊದಲುತ್ತ ಹೇಳಿ ಮುಗಿಸಿದ. ಗಂಗುಲಪ್ಪನ ಮುಖ ಬಿಳಿಚಿಕೊಂಡಿತು. ಓಬಳಮ್ಮ ಮಾತ್ರ ಕಾಲು ನೀಡಿಕೊಂಡು ಹಾಯಾಗಿ ಕೂತಿದ್ದಳು.

"ಇವತ್ತು ಏಕಾದಶಿ ಕಣಯ್ಯ. ಐವತ್ತೊಂಬತ್ತು ವರ್ಷದಿಂದ ಏಕಾದಶಿ ದಿನ ತುಳಸಿ ನೀರು ಬಿಟ್ಟು ಏನೂ ಮುಟ್ಟಿಲ್ಲ ನಾನು. ನಿನ್ನ ಬಾಯಿ ತಪ್ತು ಅಂತ ನನ್ನ ವ್ರತ ಕೆಡಿಸ್ಕೊಳ್ಲಾ?"

"ಒಂದು ತುತ್ತು ಸಾಕು ಅಕ್ಕ."

"ಒಂದು ತುತ್ತೂ ಇಲ್ಲ, ಅರ್ಧ ತುತ್ತೂ ಇಲ್ಲ."

ಅದು ನಿಜ. ಓಬಳಮ್ಮನ ಏಕಾದಶಿ ಊರಿಗೇ ಗೊತ್ತಿದ್ದದ್ದು. ಮನೆಯ ಮಿಕ್ಕವರು ವರ್ಷಕ್ಕೊಂದು ದಿನ ಉಪವಾಸ ಮಾಡಿದರೆ, ಅವಳು ತಿಂಗಳಿಗೆ ಎರಡು. ಜ್ವರ ಬಂದಾಗಲೂ ಬಿಟ್ಟವಳಲ್ಲ. ಪುಣ್ಯವಂತೆ ಎಂದು ಜನ ಕೈ ಮುಗಿಯುತ್ತಿದ್ದರು.

ಗಂಗುಲಪ್ಪ ಗೋಗರೆದ. "ಅತ್ತಿಗೆ, ಹಠ ಮಾಡ್ಬೇಡ. ನಿನಗಿಷ್ಟ ಅಂತ ಒಬ್ಬಟ್ಟು ತರಿಸ್ತೀನಿ, ಶಿಡ್ಲಘಟ್ಟದಿಂದ."

"ಒಬ್ಬಟ್ಟು ನಿನಗಿಷ್ಟ ಕಣೋ. ಚಿಕ್ಕೋನಿದ್ದಾಗ ಹೂರಣ ಕದ್ದು ತಿಂತಿದ್ದೆ."

"ಚಿತ್ರಾನ್ನ ಅಲ್ವೇನಮ್ಮ?" ಎಂದ ನರೇಂದ್ರ.

"ಅದು ನಿಮ್ಮಪ್ಪನಿಗೆ."

ಕವಿತ ಧೈರ್ಯ ಮಾಡಿ ಬಾಯಿಬಿಟ್ಟಳು. "ಅತ್ತೆಗೆ ಹುಳಿಮಜ್ಜಿಗೆ ಅಂದ್ರೆ ಆಗುತ್ತೆ. ದಿನಾ ಅದನ್ನೇ ಕಲಸ್ಕೊತಾರೆ."

"ಉಳಿದಿರೋದು ಅದೊಂದೇ ತಾಯಿ, ಅದಕ್ಕೆ ಕಲಸ್ಕೊತೀನಿ."

ಮುನಿವೆಂಕಟಪ್ಪ ಆ ಮೂವರ ಮುಖವನ್ನೂ ನೋಡಿದ. ದೊಡ್ಡ ಕೊಂಡಪ್ಪನ ನಶ್ಯದ ವಾಸನೆ ಎಂಥದಿತ್ತೆಂದು ಹೇಳಬಲ್ಲ ಮನೆ ಇದು. ಎದುರಿಗೆ ಕೂತಿರುವ ಜೀವಕ್ಕೆ ಏನು ಇಷ್ಟವೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅವರನ್ನು ಬೈಯುವುದಕ್ಕೂ ಅವನಿಗೆ ಬಾಯಿ ಬರಲಿಲ್ಲ. ಲಕ್ಷ್ಮೀನರಸಮ್ಮನಿಗೆ ಏನು ಇಷ್ಟ ಎಂದು ಯಾರಾದರೂ ಕೇಳಿದರೆ ತಾನು ಏನು ಹೇಳುತ್ತಿದ್ದೆ? ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಓಬಳಮ್ಮ ಎದ್ದು ಹುಳದ ಮನೆಯ ಕಡೆ ನಡೆದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆಹುಳ, ಆಗ ಅವಕ್ಕೆ ಹಸಿವು ಜಾಸ್ತಿ. ಹುಳಕ್ಕೆಲ್ಲಿಯ ಏಕಾದಶಿ? ಮುನಿವೆಂಕಟಪ್ಪ ಹಿಂದೆಯೇ ಹೋದ. ಅವಳು ತಟ್ಟೆಗಳ ಮೇಲೆ ಸೊಪ್ಪು ಉದುರಿಸುತ್ತ ಹೋದಳು, ಇವನು ಸೊಪ್ಪಿನ ಮೂಟೆ ಎತ್ತಿಕೊಡುತ್ತ ಹೋದ.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ಬಿಡಯ್ಯ ಅತ್ಲಾಗೆ. ಹೋದ್ರೆ ಹೋಗ್ತೀನಿ. ಎಪ್ಪತ್ತಾರಾಯ್ತು, ಇನ್ನೇನು ಗೂಟ ಹೊಡ್ಕೊಂಡು ಇರ್ತೀನಾ?"

"ನೀನಾಗಿ ಹೋಗೋದು ಬೇರೆ ಅಕ್ಕ, ನಾನು ಕಳಿಸೋದು ಬೇರೆ." ಎಪ್ಪತ್ತೊಂದರ ಗಂಡಸು, ಹುಳದ ಮನೆಯ ಬಾಗಿಲಲ್ಲಿ ನಿಂತು ಮಗುವಿನ ಹಾಗೆ ಅತ್ತುಬಿಟ್ಟ. "ಮಾರ್ಲಮಿ ಕಳೀಲಿ, ದೀಪಾವಳಿ ಕಳೀಲಿ ಅಂತ ದಿನಾ ನಿಮ್ಮ ಮನೆ ಕಡೆ ಕಿವಿ ಕೊಟ್ಕೊಂಡು ಬದುಕಕ್ಕಾಗಲ್ಲ ನನಗೆ. ನಮ್ಮಪ್ಪನ್ನ ನೋಡಿದ್ದೀನಿ ನಾನು. ನೀನು ಏಕಾದಶಿ ಮುರಿದ ಪಾಪ ನನಗೇ ಬರ್ಲಿ, ಆ ದೇವರ ಹತ್ರ ನಾನು ಮಾತಾಡ್ಕೋತೀನಿ."

ಓಬಳಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ಖಾಲಿ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ದೇವರ ಹತ್ರ ಮಾತಾಡಕ್ಕೆ ಏನೂ ಇಲ್ಲ ಕಣಯ್ಯ" ಎಂದಳು. "ನನ್ನ ಏಕಾದಶಿಗೂ ದೇವರಿಗೂ ಸಂಬಂಧವೇ ಇಲ್ಲ."

ಮುನಿವೆಂಕಟಪ್ಪನಿಗೆ ಅರ್ಥವಾಗಲಿಲ್ಲ.

"ಹದಿನಾರಕ್ಕೆ ಈ ಮನೆಗೆ ಬಂದೆ. ಇಪ್ಪತ್ತೆರಡು ಜನ ಉಣ್ಣೋರು. ಕೋಳಿ ಕೂಗೋಕೆ ಮುಂಚೆ ಒಲೆ ಮುಂದೆ ಕೂತ್ರೆ ಹೊತ್ತು ಮುಳುಗಿದ ಮೇಲೆ ಏಳೋದು. ಒಂದು ವರ್ಷ ಆದ್ಮೇಲೆ ಪಕ್ಷದ ಏಕಾದಶಿ ಬಂತು. ಇವತ್ತು ಒಲೆ ಹಚ್ಚಂಗಿಲ್ಲ ಅಂದ್ರು ಅತ್ತೆ. ನನಗೆ ನಂಬಕ್ಕೇ ಆಗ್ಲಿಲ್ಲ. ಜಗುಲಿ ಮೇಲೆ ಬಂದು ಕೂತ್ಕೊಂಡೆ. ಮಧ್ಯಾಹ್ನದ ಹೊತ್ತಲ್ಲಿ ಈ ಬೀದಿ ಹೆಂಗಿರ್ತದೆ ಅಂತ ಅವತ್ತೇ ನಾನು ನೋಡಿದ್ದು. ಎದುರುಮನೆ ಎಮ್ಮೆ ಮಲಗಿತ್ತು. ಅದನ್ನೇ ಸಂಜೆಗಂಟ ನೋಡ್ಕೊಂಡು ಕೂತಿದ್ದೆ."

"ಆಮೇಲೆ?"

"ಆಮೇಲೇನು? ವರ್ಷಕ್ಕೊಂದು ದಿನ ಸಾಲ್ದು ಅನ್ನಿಸ್ತು. ಎಲ್ಲಾ ಏಕಾದಶೀನೂ ಹಿಡೀತೀನಿ, ಕನಸಲ್ಲಿ ಸ್ವಾಮಿ ಬಂದು ಹೇಳಿದ್ರು ಅಂತ ಒಂದು ಸುಳ್ಳು ಬಿಟ್ಟೆ. ನಮ್ಮತ್ತೆ ಪಾಪಮ್ಮ ಯಾರ ಮಾತೂ ಕೇಳೋಳಲ್ಲ, ದೇವರ ಹೆಸರು ಹೇಳಿದ್ರೆ ಮಾತ್ರ ಗಪ್‌ಚಿಪ್. ಆ ದಿನ ನನ್ನ ಓರಗಿತ್ತೀರು ಬೇಯಿಸೋರು. ಒಂದು ಬಾಳೆಹಣ್ಣು ತಿಂದ್ರೂ, ತಿಂದ್ಯಲ್ಲ, ಎದ್ದು ಕೆಲಸ ನೋಡು ಅನ್ನೋರು. ಅದಕ್ಕೇ ನೀರು ಮಾತ್ರ ಇಟ್ಕೊಂಡೆ."

"ಹಸಿವಾಗ್ತಿರಲಿಲ್ವಾ ಅಕ್ಕ?"

"ಆಗ್ತಿತ್ತು. ಆದ್ರೆ ಕೂತ್ಕೊಂಡು ಹಸಿಯೋದೇ ಬೇರೆ ದಾಸಯ್ಯ."

ಅವಳು ನಗುತ್ತಲೇ ಹೇಳಿದಳು. ಮುನಿವೆಂಕಟಪ್ಪನಿಗೆ ನಗು ಬರಲಿಲ್ಲ. ಐವತ್ತೊಂಬತ್ತು ವರ್ಷ ಊರೆಲ್ಲ ಕೈ ಮುಗಿದ ಉಪವಾಸ ಇದು. ಒಳಗಿದ್ದದ್ದು ಒಂದು ಹುಡುಗಿಯ ಸುಸ್ತು. ಅವನು ಮುಖ ಒರೆಸಿಕೊಂಡು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಹಂಗಾದ್ರೆ ಇವತ್ತೂ ಕೂತ್ಕೋ ಅಕ್ಕ. ಏಳಲೇಬೇಡ. ನಿಮ್ಮನೆ ಹೆಂಗಸರೂ ಏಳಬಾರದು. ಮಾಡೋರು ನಾವು. ನೀನು ಏನು ತಿಂತೀಯ, ಅದೊಂದು ಹೇಳು."

ಓಬಳಮ್ಮ ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ಕೊಡಲಿಯಂಥ ಮಾತಿನವಳು ಮೊದಲ ಸಲ ತಡವರಿಸಿದಳು.

"ನನಗೇನಿಷ್ಟ ಅಂತ ನನಗೇ ಗೊತ್ತಿಲ್ಲ ಕಣಯ್ಯ. ಉಳಿದಿದ್ದು ತಿಂತಿದ್ದೆ. ಯೋಚನೆ ಮಾಡೋ ಹಂಗೇನೂ ಇರಲಿಲ್ಲ." ಸೆರಗಿಗೆ ಅಂಟಿದ ಸೊಪ್ಪು ಕೊಡವಿ, "ಬಿಸಿದು" ಎಂದಳು.

"ಬಿಸಿದು ಏನು?"

"ಮುದ್ದೆ. ಪಾತ್ರೆಯಿಂದ ಇಳಿಸಿ ಕಟ್ಟಿದ ಮೊದಲನೇ ಮುದ್ದೆ. ಕಟ್ಟಿ ಕಟ್ಟಿ ಎಲ್ಲಾರ ಎಲೆಗೂ ಹಾಕಿದ್ದೀನಿ. ನನ್ನ ಎಲೆಗೆ ಬರೋ ಹೊತ್ತಿಗೆ ಕಲ್ಲಾಗಿರೋದು. ಕೈ ಸುಡೋ ಅಂಥದ್ದು, ಒಂಚೂರು ತುಪ್ಪ ಹಾಕಿ. ಸಾರು ಬೇಡ, ಸಾರು ನಿಮ್ಮ ಕೈಲಾಗಲ್ಲ."

ಮುನಿವೆಂಕಟಪ್ಪ ಓಡುತ್ತಲೇ ಬಂದು ಗಂಗುಲಪ್ಪನಿಗೆ ಹೇಳಿದ. ಅವಳ ಗುಟ್ಟನ್ನು ಹೇಳಲಿಲ್ಲ, ಅದು ಅವಳದು. ಒಪ್ಪಿದ್ದಾಳೆ, ಬಿಸಿಮುದ್ದೆ ಬೇಕಂತೆ, ಗಂಡಸರೇ ಮಾಡಬೇಕಂತೆ ಎಂದಷ್ಟೇ ಹೇಳಿದ.

"ಒಲೆ ಹಚ್ಚೋದಾ?" ಗಂಗುಲಪ್ಪ ಹೌಹಾರಿದ. "ಏಕಾದಶಿ ದಿನ? ಹಿರಿಯರನ್ನ ಒಳಗೆ ಕೂರಿಸ್ಕೊಂಡು? ಮೂರು ತಲೆಮಾರಿಂದ ನಡೆದಿಲ್ಲ ಕಣೋ ಈ ಮನೇಲಿ. ಅದೂ ರಾಗಿ!"

"ಹೊತ್ತು ಇಳೀತಾ ಇದೆ ಗಂಗುಲಪ್ಪ" ಎಂದ ಮುನಿವೆಂಕಟಪ್ಪ. ಬೇರೆ ವಾದ ಅವನಿಗೆ ಹೊಳೆಯಲಿಲ್ಲ.

ಗಂಗುಲಪ್ಪ ಎಡೆಯ ಮುಂದೆ ಹೋಗಿ ನಿಂತ. ಅಣ್ಣನ ಫೋಟೋ ನೋಡಿದ, ತಾಯಿಯ ಫೋಟೋ ನೋಡಿದ. "ಅವಳು ಮದುವೆಯಾಗಿ ಬಂದಾಗ ನನಗೆ ಎಂಟು ವರ್ಷ" ಎಂದ, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದ ಹಾಗೆ. "ನಮ್ಮವ್ವ ಹೊಡೆದ್ರೆ ಅವಳ ಸೆರಗಿನ ಹಿಂದೆ ಹೋಗ್ತಿದ್ದೆ. ಅವಳಿಗೆ ಏನಿಷ್ಟ ಅಂತ ಇವತ್ತು ಕೇಳಿದ್ರೆ ನನ್ನಿಷ್ಟ ಹೇಳ್ಬಿಟ್ಟೆ." ಆಮೇಲೆ ಪಂಚೆ ಎತ್ತಿ ಕಟ್ಟಿ, "ಮನೆ ಒಳಗೆ ಬೇಡ, ಅಂಗಳದಲ್ಲಿ ಹಚ್ಚಣ" ಎಂದು ಹೊರಗೆ ಹೋದ. ಹಳೆಯ ಮನೆಯ ಪಾಯದ ಕಲ್ಲುಗಳು ಹಿತ್ತಲಲ್ಲಿ ಬಿದ್ದಿದ್ದವು. ಮೂರನ್ನು ತಾನೇ ಹೊತ್ತು ತಂದು ಒಲೆ ಹೂಡಿದ.

ಇನ್ನು ಆ ಮೂವರು ಗಂಡಸರು ಮುದ್ದೆ ಮಾಡಿದ ಚೆಂದವನ್ನು ಏನೆಂದು ಹೇಳಲಿ! ನರೇಂದ್ರ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು, ನೀರಿಗೂ ಹಿಟ್ಟಿಗೂ ಲೆಕ್ಕ ಗೊತ್ತಿಲ್ಲ. ಮೊದಲನೇ ಪಾತ್ರೆ ಅಂಬಲಿಯಾಯಿತು. ಅದನ್ನು ಹಸುವಿಗೆ ಸುರಿದು ಮತ್ತೆ ನೀರಿಟ್ಟರು. ಒಲೆ ಉರಿಯುವುದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಗಂಗುಲಪ್ಪ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ. ಕವಿತ ತಡೆಯಲಾರದೆ ಎದ್ದು ಬಂದಳು.

"ಕವಿತ, ಬಾ ಇಲ್ಲಿ, ಕೂತ್ಕೋ ನನ್ನ ಪಕ್ಕ" ಎಂದಳು ಓಬಳಮ್ಮ. ಅತ್ತೆ ಸೊಸೆ ಇಬ್ಬರೂ ಸಿಟೌಟಿನ ಮೆಟ್ಟಿಲ ಮೇಲೆ ಕೂತರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

"ಹಿಟ್ಟು ಸುರಿದ ಮೇಲೆ ತಿರುವ್ರೋ! ಕಣಿ ಕೇಳೋ ಹಂಗೆ ನೋಡ್ಕೊಂಡು ಕೂತ್ರೆ ಆಗಲ್ಲ" ಎಂದು ಕೂತಲ್ಲಿಂದಲೇ ಕೂಗಿದಳು ಓಬಳಮ್ಮ.

ಸೂರ್ಯ ತೆಂಗಿನಮರದ ಸುಳಿಯಿಂದ ಬುಡದ ಕಡೆಗೆ ಇಳಿದಿದ್ದ. ಮುನಿವೆಂಕಟಪ್ಪ ಹಿಟ್ಟಿನ ಕೋಲು ಹಿಡಿದು, ಗಂಗುಲಪ್ಪನಿಗೆ ಪಾತ್ರೆ ಅದುಮಿ ಹಿಡಿಯಲು ಹೇಳಿ, ಮೈಯ ಬಲವನ್ನೆಲ್ಲ ಹಾಕಿ ತಿರುವಿದ. ತೋಳು ಬಿದ್ದುಹೋಯಿತು. ಇದನ್ನು ಲಕ್ಷ್ಮೀನರಸಮ್ಮ ದಿನಕ್ಕೆರಡು ಸಲ ಮಾಡುತ್ತಾಳೆ, ಮಾಡುತ್ತಲೇ ಇವನ ಹತ್ತಿರ ಜಗಳವನ್ನೂ ಆಡುತ್ತಾಳೆ. ನಾಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಕೆಂಪು ಬೆಳಕು ಅಂಗಳ ದಾಟಿ ಗೋಡೆ ಹತ್ತುತ್ತಿತ್ತು. ಇನ್ನು ಹತ್ತು ನಿಮಿಷವಿದ್ದರೆ ಹೆಚ್ಚು. ಮಣೆಯ ಮೇಲೆ ಹಿಟ್ಟು ಬಗ್ಗಿಸಿಕೊಂಡು ಬರಿಗೈಯಲ್ಲಿ ಮುದ್ದೆ ಕಟ್ಟಿದ, ಅಂಗೈ ಚುರುಗುಟ್ಟಿತು, ಬಿಡಲಿಲ್ಲ.

ಬಾಳೆಲೆಯ ಮೇಲೆ ಮುದ್ದೆ ಇಟ್ಟು, ನರೇಂದ್ರ ತುಪ್ಪ ಬಿಟ್ಟ. ಮುನಿವೆಂಕಟಪ್ಪ ಎಲೆಯನ್ನು ಹಿರಿಯರ ಮುಂದೆ ಒಂದು ಗಳಿಗೆ ಇಟ್ಟು, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಓಬಳಮ್ಮನ ಮುಂದಿಟ್ಟ. ಜಾಗಟೆ ಬಾರಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಅವಳ ಮುಖವನ್ನೇ ನೋಡುತ್ತ ಹೇಳಿದ:

"ಓಬಳಕ್ಕ, ಉಣ್ಣು."

ಅವಳು ಮುದ್ದೆಗೆ ಬೆರಳಿಟ್ಟು ಹಾ ಎಂದು ಕೈ ಹಿಂದೆಗೆದಳು. ಬೆರಳಿಗೆ ಉಫ್ ಎಂದು ಊದಿಕೊಂಡಳು. ಮತ್ತೆ ಮುರಿದಳು. ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ನುಂಗಿದಳು. ಗೋಡೆಯ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು. ಮುನಿವೆಂಕಟಪ್ಪ ಇದ್ದಲ್ಲೇ ನೆಲಕ್ಕೆ ಕೂತುಬಿಟ್ಟ. ಮಧ್ಯಾಹ್ನದಿಂದ ಎದೆಯ ಮೇಲಿದ್ದ ಚಪ್ಪಡಿ ಇಳಿದ ಹಾಗಾಯಿತು.

"ಗಂಟಿದೆ" ಎಂದಳು ಓಬಳಮ್ಮ.

"ತೆಗೆದು ಪಕ್ಕಕ್ಕಿಡು ಅಕ್ಕ."

"ಯಾಕೆ? ಅದೂ ಬಿಸಿಯಾಗೇ ಇದೆ."

ಗಂಟನ್ನೂ ನುಂಗಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ಮಾತಿಲ್ಲದೆ, ತುತ್ತಿನ ಮೇಲೆ ತುತ್ತು ಮುರಿದು ಉಂಡಳು. ಮುದ್ದೆ ಖಾಲಿಯಾಯಿತು. ಅವಳು ತಲೆಯೆತ್ತಿ ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿದಳು.

"ಇನ್ನೂ ಇದೆಯಾ?"

"ಇದೆಯಮ್ಮ, ಇನ್ನೂ ಮೂರು ಮುದ್ದೆ ಆಗ್ತದೆ" ಎಂದ ನರೇಂದ್ರ.

ಅವಳ ಕಣ್ಣು ಮಗನ ಮೇಲೆ, ಮೈದುನನ ಮೇಲೆ, ಸೊಸೆಯ ಮೇಲೆ, ದಾಸಯ್ಯನ ಮೇಲೆ ಒಂದು ಸುತ್ತು ಹೋಗಿಬಂತು. ಅರವತ್ತು ವರ್ಷದ ಅಭ್ಯಾಸ, ಎಣಿಸಿದಳು.

"ನಿಮಗೆಲ್ಲ ಎತ್ತಿಡಬೇಕಲ್ಲ?"

ಗಂಗುಲಪ್ಪ ಹೊಗೆಯಿಂದ ಕೆಂಪಾದ ಕಣ್ಣನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡ.

"ನಮಗೆ ಏಕಾದಶಿ, ಅತ್ತಿಗೆ. ಎಲ್ಲಾ ನಿನಗೇ."

ಓಬಳಮ್ಮ ಇನ್ನೊಂದು ಮುದ್ದೆ ಬಡಿಸಲೆಂದು ಎಲೆಯನ್ನು ಮುಂದಕ್ಕೆ ತಳ್ಳಿದಳು.